ದೊಡ್ಡವ್ವನ ‘ಬಾಳ ದೂರ’

ಕೆಮ್ಮಣ್ಣು ಹಚ್ಚಿ ಬಿಸಿಲಿಗೆ ಹರವಿದ ತೊಗರಿಯ ವಾಸನೆ ನಿಮಗೆ ಗೊತ್ತಿದ್ದರೆ ನನ್ನ ಅರ್ಧ ಕೆಲಸ ಮುಗಿಯಿತು. ಗೊತ್ತಿಲ್ಲದವರಿಗೆ ಹೇಳುವುದು ಕಷ್ಟ. ಮೊದಲ ಮಳೆಯ ವಾಸನೆ ಅಂತ ಸುಲಭವಾಗಿ ಹೇಳಿಬಿಡಬಹುದು, ಆದರೆ ಅದಲ್ಲ. ಅದರಲ್ಲಿ ಒಂದಿಷ್ಟು ಎಣ್ಣೆಯ ಜಿಡ್ಡು, ಒಂದಿಷ್ಟು ಹಸಿತನ, ಸಿಪ್ಪೆಯೊಳಗೆ ಕಾಳು ಸಡಿಲಾಗುವ ಒಂದು ಮಂದ ಘಮ ಕೂಡಿರುತ್ತಿತ್ತು. ಈಚೆಗೆ ಅಥಣಿಯ ಪೇಟೆಯಲ್ಲಿ ಯಾರದೋ ಮಾಳಿಗೆಯಿಂದ ಆ ವಾಸನೆ ಬಂತು. ಈ ಕಾಲದಲ್ಲೂ ಮನೆಯಲ್ಲಿ ಬೇಳೆ ಮಾಡುವ ಪುಣ್ಯಾತ್ಮರು ಯಾರಪ್ಪ ಎಂದು ಕೈಚೀಲ ಹಿಡಿದುಕೊಂಡೇ ದಾರಿಯ ನಡುವೆ ನಿಂತೆ. ಹಿಂದಿನಿಂದ ಬಂದ ಮೋಟಾರ್ ಸೈಕಲ್ಲಿನವನು ಬೈದು ಮುಂದೆ ಹೋದ. ನನಗೆ ನಮ್ಮೂರು ಸತ್ತಿಯ ಮನೆಯ ಪಡಸಾಲೆ ಕಂಡಿತು. ಬೀಸುಕಲ್ಲು ತಿರುಗುವ ಸದ್ದು ಕೇಳಿಸಿತು, ದೊಡ್ಡವ್ವನ ಹಸಿರು ಬಳೆಗಳ ಸದ್ದೂ ಕೇಳಿಸಿತು. ಅವಳ ಹಾಡು ಮಾತ್ರ ಎಷ್ಟು ಕಿವಿಗೊಟ್ಟರೂ ಕೇಳಿಸಲಿಲ್ಲ. ಅವಳ ಇಡೀ ಜೀವನದಲ್ಲಿ ಅವಳದೇ ಎಂಬುದು ಅದೊಂದೇ ಹಾಡು. ಅದು ಅವಳ ಕೈಬಿಟ್ಟು ಹೇಗೆ ಹೋಯಿತು ಅನ್ನುವುದನ್ನು ಹೇಳಬೇಕಾಗಿದೆ. ತಮಾಷೆಯೆಂದರೆ ಆ ಹಾಡು ನಮ್ಮ ಕಡೆಯ ಎಲ್ಲರಿಗೂ ಗೊತ್ತು. ನೀವೂ ಯಾವುದಾದರೂ ಮದುವೆಯಲ್ಲಿ ಅದಕ್ಕೆ ಕುಣಿದಿರಬಹುದು.

ನಮ್ಮದು ಕೃಷ್ಣೆಗೆ ಹತ್ತಿರದ ಮನೆ. ಕಬ್ಬು ಮತ್ತು ದ್ರಾಕ್ಷಿಯ ಹೊಲ, ಮನೆತುಂಬ ಜನ. ಆಯಿ ಅಂದರೆ ನಮ್ಮಪ್ಪನ ತಾಯಿ ಮನೆಯ ಯಜಮಾನಿ. ಅವಳ ಕೆಳಗೆ ದೊಡ್ಡಪ್ಪ, ದೊಡ್ಡವ್ವ, ಅವರ ಇಬ್ಬರು ಗಂಡುಮಕ್ಕಳು, ನಮ್ಮಪ್ಪ, ನಮ್ಮವ್ವ, ನಾನು. ಬೀಸುವ ಹಾಡು ಎಂದರೆ ಎಲ್ಲರೂ ಬೆಳ್ಳಿ ಮೂಡುವ ಹೊತ್ತನ್ನು ನೆನೆಯುತ್ತಾರೆ. ನಮ್ಮದು ಜೈನರ ಮನೆಯಾದ್ದರಿಂದ ಹೊತ್ತು ಹುಟ್ಟುವ ಮೊದಲು ಕಲ್ಲಿಗೆ ಕೈ ಹಚ್ಚುವಂತಿರಲಿಲ್ಲ. ಕತ್ತಲಲ್ಲಿ ಕಾಳಿನೊಳಗಿನ ಹುಳ ಕಾಣುವುದಿಲ್ಲವಲ್ಲ. ಬಸ್ತಿಗೆ ಹೋಗಿ ಬಂದು, ಬಿಸಿಲು ಪಡಸಾಲೆಯ ಹೊಸ್ತಿಲಿಗೆ ಬಂದಮೇಲೆಯೇ ದೊಡ್ಡವ್ವ ಕಾಲು ಚಾಚಿ ಕಲ್ಲಿನ ಮುಂದೆ ಕೂರುತ್ತಿದ್ದಳು. ಜೋಳ, ಗೋದಿ ಗಿರಣಿಗೆ ಹೋಗುತ್ತಿದ್ದ ಕಾಲ ಅದು. ಆದರೆ ಗಿರಣಿಯ ಬೇಳೆಗೆ ರುಚಿ ಇಲ್ಲ ಎಂದು ಆಯಿ ತೀರ್ಮಾನ ಮಾಡಿಬಿಟ್ಟಿದ್ದಳು, ಆಯಿಯ ತೀರ್ಮಾನದ ಮೇಲೆ ಅಪೀಲು ಇರಲಿಲ್ಲ. ಹಾಗಾಗಿ ತೊಗರಿ, ಕಡಲೆ, ಹೆಸರು ಎಲ್ಲ ದೊಡ್ಡವ್ವನ ಕೈಯಲ್ಲೇ ಒಡೆಯುತ್ತಿದ್ದವು. ಬೇಳೆ ಒಡೆಯಲು ಕಲ್ಲನ್ನು ಸಾವಕಾಶ ತಿರುಗಿಸಬೇಕು, ಇಲ್ಲದಿದ್ದರೆ ನುಚ್ಚಾಗುತ್ತದೆ. ಅವಳ ಹಾಡೂ ಅಷ್ಟೇ ಸಾವಕಾಶ ಇತ್ತು.

ದೊಡ್ಡವ್ವ ಮರಾಠಿ ಮಾತಿನ ಮನೆಯಿಂದ ಬಂದವಳು. ತವರು ಮಿರಜದ ಆಚೆ, ಶಿರೋಳದ ಕಡೆಯ ಒಂದು ಹಳ್ಳಿ. ಅದೂ ಕೃಷ್ಣೆಯ ದಂಡೆಯೇ, ಆದರೆ ಮೇಲಿನ ಹರಿವು, ಆಚೆಯ ದಂಡೆ. ನಮ್ಮ ಮನೆಗೆ ಬಂದು ಕನ್ನಡ ಕಲಿತು ನಮ್ಮೆಲ್ಲರಿಗಿಂತ ಚೊಕ್ಕಾಗಿ ಮಾತಾಡುತ್ತಿದ್ದಳು. ಹಾಡುವುದೂ ಕನ್ನಡದಲ್ಲೇ ಎಂದು ನಾವು ತಿಳಿದಿದ್ದೆವು. ಹಾಡೆಂದರೆ ಇಷ್ಟೇ:

ಬಾಳ ದೂರ, ಬಾಳ ದೂರ,
ಹೊಳಿ ಆಚಿ ದಂಡಿಮ್ಯಾಗ,
ಕರದರ ಬರವಲ್ದು.

ಇದನ್ನೇ ತಿರುಗಿ ತಿರುಗಿ ಹಾಡುವಳು. ನಡುನಡುವೆ ಮಾತಿಲ್ಲದ ಬರಿಯ ಗುಂಯ್‌ಗುಟ್ಟುವಿಕೆ. ಇದನ್ನು ಕೇಳಿದ ಯಾರಿಗಾದರೂ ಅನಿಸುವುದು ಒಂದೇ: ಸೊಸೆಗೆ ತವರಿನ ನೆನಪಾಗಿದೆ, ತವರು ಹೊಳೆಯ ಆಚೆ ಬಹಳ ದೂರದಲ್ಲಿದೆ. ಮನೆಯವರೆಲ್ಲ ಅವಳನ್ನು ಛೇಡಿಸುತ್ತಿದ್ದರು. ಆಯಿಯಂತೂ ಕಂಬಕ್ಕೆ ಒರಗಿ ಕೂತು, “ಏನ ಬಾಳ ದೂರ ಬೇ ನಿನ್ನ ತವರಮನಿ? ಮುಂಜಾನಿ ಉಂಡ ಹೊಂಟರ ಸಂಜಿ ಊಟಕ್ಕ ತಿರಗಿ ಬರ್ತಿ!” ಎನ್ನುವಳು. ದೊಡ್ಡವ್ವ ನಗುತ್ತಿದ್ದಳು. “ಹೌದ್ರಿ ಅತ್ತಿ, ಅಷ್ಟ ದೂರ ಏನಿಲ್ಲರಿ,” ಎಂದು ಕಲ್ಲಿನ ಬಾಯಿಗೆ ಇನ್ನೊಂದು ಹಿಡಿ ಕಾಳು ಸುರಿದು ಮತ್ತೆ ಅದನ್ನೇ ಹಾಡುವಳು. ಅಷ್ಟು ಹತ್ತಿರದ ತವರಿಗೆ ಅವಳು ಯಾಕೆ ಅಷ್ಟು ಅಪರೂಪಕ್ಕೆ ಹೋಗುತ್ತಾಳೆ ಎಂದು ನಾವು ಮಕ್ಕಳು ಕೇಳಲಿಲ್ಲ. ದೊಡ್ಡವರಿಗೆ ಗೊತ್ತಿತ್ತು, ಅವರು ಹೇಳಲಿಲ್ಲ.

ನಾವು ಓಣಿಯ ಹುಡುಗಿಯರು ಆ ಹಾಡನ್ನು ಜೋಕಾಲಿಗೆ ಒಯ್ದೆವು. ಪಂಚಮಿಯಲ್ಲಿ ಹಿತ್ತಿಲ ಬೇವಿನ ಮರಕ್ಕೆ ಹಗ್ಗ ಬಿಗಿದರೆ ‘ಬಾಳ ದೂರ’ ಎಂದು ಮೇಲಕ್ಕೆ ಜೀಕುವುದು, ‘ಬರವಲ್ದು’ ಎಂದು ಕೆಳಗೆ ಬರುವುದು. ಜೋಕಾಲಿಯ ಓಟಕ್ಕೆ ಹಾಡೂ ಓಡಲೇಬೇಕಲ್ಲ. ಒಂದು ಪಂಚಮಿಗೆ ನಮ್ಮವ್ವನನ್ನು ಕರೆಯಲು ಚಿಕ್ಕೋಡಿಯಿಂದ ಬಾಬುಮಾಮಾ ಬಂದಿದ್ದ. ನಮ್ಮವ್ವನ ತಮ್ಮ, ನಿಪ್ಪಾಣಿಯ ಒಂದು ಬ್ಯಾಂಡಿನಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುವವನು. ಯಾವ ಮನೆಗೆ ಹೋದರೂ ಊಟಕ್ಕಿಂತ ಮೊದಲು ಹಾಡು ಕೇಳುವ ಮನುಷ್ಯ. ಬೇವಿನ ಮರದ ಕೆಳಗೆ ನಿಂತು ನಮ್ಮ ಹಾಡು ಕೇಳಿದ, ತೊಡೆಯ ಮೇಲೆ ತಾಳ ಹಾಕಿದ, “ಏ ಹುಡಗ್ಯಾರ್ಯಾ, ಇನ್ನೊಮ್ಮಿ ಅನ್ರಿ,” ಎಂದ. ನಾವು ಹಿಗ್ಗಿ ಇನ್ನೂ ಜೋರಾಗಿ ಹಾಡಿದೆವು. ಹಾಡು ಎಲ್ಲಿಯದು ಎಂದು ಅವನು ಕೇಳಿದಾಗ ದೊಡ್ಡವ್ವ ಅಲ್ಲೇ ಉಂಡಿ ಕಟ್ಟುತ್ತಿದ್ದಳು. “ಬೀಸೂ ಪದಾ ಬಿಡೋ ತಮ್ಮಾ, ಅದರಾಗ ಏನೈತಿ,” ಎಂದಳು.

ಏನಿತ್ತೋ ಏನೋ, ಮುಂದಿನ ವರ್ಷ ಅದು ಕ್ಯಾಸೆಟ್ಟಾಗಿ ಬಂತು. ಕೊಲ್ಹಾಪುರದಲ್ಲಿ ರೆಕಾರ್ಡು ಮಾಡಿಸಿದ್ದ. ಜೋಕಾಲಿಯ ಓಟವನ್ನು ಇನ್ನೂ ಎರಡು ಪಟ್ಟು ಮಾಡಿ, ಢೋಲಕಿ ಸೇರಿಸಿ, ‘ಬಾಳ ದೂರ ನಿನ್ನ ಊರ’ ಎಂದು ಹುಡುಗಿ ಹುಡುಗನನ್ನು ಕೆಣಕುವ ಹಾಡು ಕಟ್ಟಿದ್ದ. ಮೇಲಿನ ಕಾಗದದ ಮೇಲೆ ಕೆಂಪು ಅಕ್ಷರದಲ್ಲಿ ‘ಭಾಳ ದೂರ’ ಎಂದು ಮಹಾಪ್ರಾಣ ಹಾಕಿ ಅಚ್ಚು ಹಾಕಿಸಿದ್ದ. ಬರೆಯುವಾಗ ನಾವು ಹಾಗೆ ಬರೆದರೂ ಬಾಯಲ್ಲಿ ಯಾರು ಆ ಮಹಾಪ್ರಾಣವನ್ನು ಹೊರುತ್ತಾರೆ? ಅದು ಹತ್ತಿದ್ದೇ ಹತ್ತಿದ್ದು. ಕಬ್ಬಿನ ಟ್ರ್ಯಾಕ್ಟರಿನಲ್ಲಿ ಅದೇ, ರಾಯಬಾಗದ ಸಂತೆಯಲ್ಲಿ ಅದೇ, ಅಥಣಿಯ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಅದೇ. ಮಾಮಾನಿಗೆ ‘ಬಾಳ ದೂರ ಬಾಬು’ ಎಂದೇ ಹೆಸರಾಯಿತು. ನಮಗೆ ಶಾಲೆಯಲ್ಲಿ ಭಾರೀ ಮರ್ಯಾದೆ. ನಮ್ಮ ಸೀಮೆಯಲ್ಲಿ ಹಾಡುಗಳು ಹೀಗೆ ಅಂಗಿ ಬದಲಿಸುವುದು ಹೊಸದೇನೂ ಅಲ್ಲ. ನಮ್ಮ ಬಸ್ತಿಯ ಆರತಿಯ ಮಟ್ಟು ಒಂದು ಹಳೆಯ ಸಿನಿಮಾ ಹಾಡಿನದೆಂದು ನನಗೆ ಗೊತ್ತಾದದ್ದು ಟಾಕೀಜಿನಲ್ಲಿ. ಪರದೆಯ ಮೇಲೆ ನಾಯಕಿ ಕುಣಿಯಲು ಶುರುಮಾಡಿದಾಗ ನಾನು ರೂಢಿಯಂತೆ ಕೈ ಜೋಡಿಸಿಬಿಟ್ಟಿದ್ದೆ. ಹಾಗಾಗಿ ದೊಡ್ಡವ್ವನ ಹಾಡು ಕುಣಿತದ ಹಾಡಾದದ್ದು ನಮಗೆ ಯಾರಿಗೂ ಕೆಟ್ಟದ್ದು ಅನಿಸಲಿಲ್ಲ. ಕಲ್ಲಿನ ಮುಂದೆ ಅವಳು ಹಾಡುವುದನ್ನು ಬಿಟ್ಟಿದ್ದಾಳೆ ಎಂದು ಮೊದಲು ಗಮನಿಸಿದವಳು ನಮ್ಮವ್ವ. ಸಂಕೋಚ ಇರಬೇಕು, ತನ್ನ ಹಾಡು ದೊಡ್ಡದಾಯಿತಲ್ಲ ಎಂದು ನಾವು ನಕ್ಕೆವು.

ಆಮೇಲೆ ಮರಾಠಿಯವರು ಅದನ್ನು ತಮ್ಮದು ಮಾಡಿಕೊಂಡರು. ಸಾಂಗಲಿಯ ಕಡೆಯ ಯಾವುದೋ ಬ್ಯಾಂಡಿನವರು ಮಟ್ಟು ಹಾಗೇ ಇಟ್ಟು ಮಾತನ್ನು ತಿರುಗಿಸಿದರು. ನಮ್ಮ ಬಾಳಕ್ಕೆ ಅವರಲ್ಲಿ ಲಯ್ ಎನ್ನುತ್ತಾರೆ. ‘ಬಾಳ ದೂರ’ ಹೋಗಿ ‘ಲಯ್ ದೂರ, ಲಯ್ ದೂರ’ ಆಯಿತು. ಅದೂ ಹತ್ತಿತು, ನಮ್ಮದಕ್ಕಿಂತ ಹೆಚ್ಚು. ಇವತ್ತಿಗೂ ಈ ಹಾಡಿನ ಮೂಲ ಕನ್ನಡವೋ ಮರಾಠಿಯೋ ಎಂದು ಕಾಗವಾಡದ ಗಡಿಯ ಎರಡೂ ಕಡೆ ಜಗಳ ಆಡುವವರಿದ್ದಾರೆ. ಈಗ ಮೊಬೈಲಿನಲ್ಲೂ ಆಡುತ್ತಾರೆ. ಎರಡೂ ಕಡೆಯವರ ಹತ್ತಿರ ಪುರಾವೆ ಇರುತ್ತದೆ. ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಆಯಿ ತೀರಿಕೊಂಡು ಒಂದೆರಡು ವರ್ಷವಾಗಿತ್ತು. ದೊಡ್ಡವ್ವನ ಅಣ್ಣನ ಮಗಳ ಮದುವೆ ಬಂತು. ನಾನು ಆಗ ಕಾಲೇಜಿಗೆ ಹೋಗುತ್ತಿದ್ದೆ, ದೊಡ್ಡವ್ವ ನನ್ನನ್ನೂ ತವರಿಗೆ ಕರೆದುಕೊಂಡು ಹೋದಳು. ಅರಿಸಿನ ಹಚ್ಚುವ ದಿನ ಅಂಗಳದ ಚಪ್ಪರದಲ್ಲಿ ಬ್ಯಾಂಡಿನವರು ಬಂದು ನಿಂತು ಕ್ಲಾರಿನೆಟ್ಟಿನಲ್ಲಿ ಅದನ್ನೇ ಎತ್ತಿದರು, ಒಬ್ಬ ಹುಡುಗ ಮೈಕು ಹಿಡಿದು ‘ಲಯ್ ದೂರ’ ಎಂದು ಕೂಗಲು ಶುರುಮಾಡಿದ. ಹೆಂಗಸರೆಲ್ಲ ಅರಿಸಿನದ ಕೈಯಲ್ಲೇ ಚಪ್ಪಾಳೆ ತಟ್ಟಿದರು. ದೊಡ್ಡವ್ವ ಬಟ್ಟಲು ಹಿಡಿದುಕೊಂಡು ನನ್ನ ಪಕ್ಕ ಕೂತಿದ್ದಳು. ಮರಾಠಿಯ ಹಾಡನ್ನು ಅವಳು ಅವತ್ತೇ ಮೊದಲ ಸಲ ಕೇಳಿದ್ದು. ಸ್ವಲ್ಪ ಹೊತ್ತು ಕೇಳಿ ನನ್ನ ಕಡೆ ತಿರುಗಿದಳು.

“ಇದರಾಗಿಂದ ಬಾಳ ಎಲ್ಲಿ ಹೋತು?”

ನಾನು ಜಾಣೆ. “ದೊಡ್ಡವ್ವಾ, ಲಯ್ ಅಂದ್ರ ಬಾಳನ ಅಲ್ಲೇನ? ನಿನಗ ಮರಾಠಿ ನಾ ಕಲಸಬೇಕೇನ?” ಎಂದು ನಕ್ಕೆ.

“ಅದು ನಿಮ್ಮ ಬಾಳ. ನಮ್ಮ ಬಾಳ ಅಲ್ಲ.”

ನಾನು ನಗುತ್ತಲೇ ಇದ್ದೆ, ಅವಳ ಮುಖ ನೋಡಿ ನಿಲ್ಲಿಸಿದೆ. ಮರಾಠಿಯಲ್ಲಿ ಬಾಳ ಎಂದರೆ ಕೂಸು. ಇದು ನನಗೆ ಗೊತ್ತಿಲ್ಲದ ಮಾತೇನಲ್ಲ. ಗಡಿಯಲ್ಲಿ ಹುಟ್ಟಿದವರಿಗೆ ಎರಡು ಮಾತೂ ಬರುತ್ತವೆ. ಆದರೆ ಹೊಳಿ, ದಂಡಿ, ಬರವಲ್ದು ಎಂಬ ಕನ್ನಡದ ಮಾತುಗಳ ನಡುವೆ ಕೂತಿದ್ದ ಆ ಒಂದು ಮಾತು ಮರಾಠಿ ಇರಬಹುದು ಎಂದು ನಮ್ಮ ಮನೆಯ ಯಾರ ತಲೆಗೂ ಹೊಳೆದಿರಲಿಲ್ಲ. ತವರಲ್ಲ, ಕೂಸು ದೂರ ಇತ್ತು. ಹೊಳೆಯ ಆಚೆ ದಂಡೆಯಲ್ಲಿ ಕೂಸು, ಕರೆದರೆ ಬರುತ್ತಿಲ್ಲ.

ಅವತ್ತು ಮಧ್ಯಾಹ್ನ ಅವಳು ನನ್ನನ್ನು ಹೊಳೆಯ ಕಡೆಯ ಹೊಲಕ್ಕೆ ಕರೆದುಕೊಂಡು ಹೋದಳು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳಂತೆ. ಕೂಸು ಹುಟ್ಟಿ, ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಜ್ವರ ಬಂದು ಹೋಯಿತು. ಇನ್ನೂ ಹೆಸರಿಡದ ಕೂಸಿಗೆ ಅವರಲ್ಲಿ ಬಾಳ ಎಂದೇ ಕರೆಯುವುದು, ಅದೇ ಅದರ ಹೆಸರು. ಹೊಳೆಯ ದಂಡೆಯಲ್ಲಿ ತಮ್ಮದೇ ಹೊಲದ ಅಂಚಿಗೆ ಮಣ್ಣು ಮಾಡಿದರು. ಅವಳು ಬರಿಗೈಯಲ್ಲಿ ಸತ್ತಿಗೆ ಬಂದಳು. ನಮ್ಮ ಮನೆಯ ಯಾರೂ ಆ ಕೂಸಿನ ಮುಖ ನೋಡಿದವರಲ್ಲ. ಆಯಿ ಅವಳನ್ನು ಪ್ರೀತಿಯಿಂದಲೇ ಒಳಗೆ ಕರೆದುಕೊಂಡಳಂತೆ, ಎಣ್ಣೆ ಹಚ್ಚಿ ನೀರು ಹಾಕಿದಳಂತೆ. ಮುಂದೆ ಅವಳಿಗೆ ನಮ್ಮ ದೊಡ್ಡ ಅಣ್ಣ ಹುಟ್ಟಿದಾಗ ಮಾತ್ರ ಒಂದು ಮಾತು ಹೇಳಿದಳು. “ಹ್ವಾದದ್ದರ ಮಾತ ಈ ಮನ್ಯಾಗ ಎತ್ತಬ್ಯಾಡ. ಇದ್ದದ್ದಕ್ಕ ಛಲೋ ಅಲ್ಲ.” ಅದು ಕ್ರೌರ್ಯದ ಮಾತಲ್ಲ, ಹೆದರಿಕೆಯ ಮಾತು. ಆದರೆ ಆ ಒಂದು ಮಾತಿನಿಂದ ದೊಡ್ಡವ್ವನ ಮೊದಲ ಕೂಸಿಗೆ ನಮ್ಮ ಮನೆಯಲ್ಲಿ ಇರಲು ಜಾಗ ಇಲ್ಲದಂತಾಯಿತು.

“ನಾ ಅತ್ತಿ ಮಾತ ಮೀರಲಿಲ್ಲ,” ಎಂದಳು ದೊಡ್ಡವ್ವ. “ಒಂದ ದಿನಾನೂ ಮಾತಾಡಲಿಲ್ಲ. ಬೀಸೂ ಮುಂದ ಅಷ್ಟ ಕರೀತಿದ್ದೆ. ಎಲ್ಲಾರ ಮುಂದ ಕರದರೂ ಯಾರಿಗೂ ತಿಳೀತಿರಲಿಲ್ಲ. ಅವರ ನಗತಿದ್ರು, ನಾನೂ ನಗತಿದ್ದೆ.”

ಮಣ್ಣು ಮಾಡಿದ ಜಾಗದಲ್ಲಿ ಅವಳ ಅಣ್ಣ ಹೊಳೆಯ ನೀರೆತ್ತುವ ಮೋಟಾರು ಕೂರಿಸಿದ್ದ. ಸಿಮೆಂಟಿನ ಕೋಣೆ, ದಪ್ಪ ಪೈಪು, ಒಳಗೆ ಮೋಟಾರು ಒಂದೇ ಸಮ ಕೊರೆಯುತ್ತಿತ್ತು. ಅವಳು ಕೋಣೆಯ ಸುತ್ತ ಒಂದು ಸುತ್ತು ಬಂದು, “ಇಲ್ಲೇ ಎಲ್ಲೋ,” ಎಂದಳು. ಊರ ಕಡೆಯಿಂದ ಬ್ಯಾಂಡಿನ ಸದ್ದು ಗಾಳಿಯಲ್ಲಿ ಬಂದು ಹೋಗುತ್ತಿತ್ತು. ಇಷ್ಟು ವರ್ಷ ನಾವು ಜೋಕಾಲಿಯಲ್ಲಿ, ಟ್ರ್ಯಾಕ್ಟರಿನಲ್ಲಿ, ಮದುವೆಯ ಮೆರವಣಿಗೆಯಲ್ಲಿ ಕೂಗಿ ಕೂಗಿ ಕರೆದದ್ದು ಯಾರನ್ನು ಎಂದು ನನಗೆ ಆಗ ಹೊಳೆಯಿತು. ಕನ್ನಡದಲ್ಲಾದರೆ ಏನೋ ಒಂದು ಸಮಾಧಾನ ಇತ್ತು. ಅರ್ಥ ಬದಲಾದರೂ ಸದ್ದು ಉಳಿದಿತ್ತು, ಯಾರು ಹಾಡಿದರೂ ಅವಳ ಕಿವಿಗೆ ಬಾಳ ಕೇಳಿಸುತ್ತಿತ್ತು. ಕೂಸಿನ ಮಾತಾದ ಮರಾಠಿಗೇ ತಿರುಗಿ ಹೋದಮೇಲೆ ಆ ಹಾಡಿನಲ್ಲಿ ಕೂಸು ಇರಲಿಲ್ಲ.

ಊರಿಗೆ ಬಂದು ನಮ್ಮವ್ವನಿಗೆ ಹೇಳಿದೆ. ಅವಳು ಅವತ್ತೇ ತಮ್ಮನಿಗೆ ಹೇಳಿಕಳಿಸಿದಳು. ಬಾಬುಮಾಮಾ ಓಡಿ ಬಂದ. ಅಷ್ಟು ಹೊತ್ತಿಗೆ ಅವನ ತಲೆ ಅರ್ಧ ನರೆತಿತ್ತು. ಪೇಟಿ, ಟೇಪು ಎರಡನ್ನೂ ತಂದಿದ್ದ. ದೊಡ್ಡವ್ವನ ಮುಂದೆ ನೆಲದ ಮೇಲೆ ಕೂತು, “ಅಕ್ಕಾರ, ನನಗ ಗೊತ್ತಿರಲಿಲ್ಲರಿ. ನೀವ ಹಾಡ್ರಿ, ನೀವ ಹಾಡಿದಂಗ ತುಂಬಕೊಂಡ ಹೋಗತೀನಿ. ನಿಮ್ಮ ಹೆಸರಲೇ ತರತೀನಿ,” ಎಂದ. ಅವಳು ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆವು. ಅನ್ನಲಿಲ್ಲ. ಕಲ್ಲು ತೊಳೆದು, ಒರೆಸಿ, ಕೂತಳು. ಅವಳಿಗೆ ಆ ಹಾಡು ವಾಪಸು ಬೇಕಾಗಿತ್ತು ಎಂದು ಆಗ ನನಗೆ ಗೊತ್ತಾಯಿತು. ಮಾಮಾ ಟೇಪಿನ ಗುಂಡಿ ಒತ್ತಿದ. ದೊಡ್ಡವ್ವ ಬಾಯಿ ತೆರೆದಳು. ಬಂದದ್ದು ಮಾಮಾನ ಮಟ್ಟು. ನಿಲ್ಲಿಸಿದಳು, ಗಂಟಲು ಸರಿಮಾಡಿಕೊಂಡಳು, ಮತ್ತೆ ಶುರುಮಾಡಿದಳು. ಮತ್ತೆ ಅದೇ ಢೋಲಕಿಯ ಓಟ. ಕಲ್ಲು ತಿರುಗಿಸುತ್ತ ಹಾಡಿದರೆ ಬಂದೀತು ಎಂದು ಕಾಳು ಹಾಕಿದಳು. ಕಲ್ಲೂ ಆ ಓಟಕ್ಕೇ ತಿರುಗಿತು, ಸುತ್ತ ಬಿದ್ದದ್ದೆಲ್ಲ ನುಚ್ಚು. ಅವಳು ಆ ನುಚ್ಚನ್ನು ಬೆರಳಿನಿಂದ ಮುಟ್ಟಿ ನೋಡಿದಳು.

“ಬರವಲ್ದೋ ತಮ್ಮಾ,” ಎಂದಳು. “ನಿಂದ ನನ್ನ ಬಾಯಾಗ ಕುಂತ ಬಿಟ್ಟೈತಿ.”

ಮಾಮಾ ಟೇಪು ಬಂದ್ ಮಾಡಿ ಅತ್ತುಬಿಟ್ಟ. ದೊಡ್ಡ ಗಂಡಸು ಹಾಗೆ ಅಳುವುದನ್ನು ನಾನು ನೋಡಿದ್ದಿಲ್ಲ. ದೊಡ್ಡವ್ವನೇ ಅವನಿಗೆ ಚಹಾ ಮಾಡಿಕೊಟ್ಟಳು. ನಮ್ಮನ್ನೂ ಕೇಳಿದಳು, ನಿಮಗೇನಾದರೂ ನೆನಪೈತೇನು ಎಂದು. ನಾವು ಮನೆಮಂದಿಯೆಲ್ಲ ಕೂತು ಹುಡುಕಿದೆವು, ನಮ್ಮವ್ವ ಒಂದು ಎಳೆ ಹಿಡಿದಳು, ದೊಡ್ಡಪ್ಪ ಕಣ್ಣು ಮುಚ್ಚಿ ಪ್ರಯತ್ನ ಮಾಡಿದ. ಎಲ್ಲರ ಬಾಯಿಂದಲೂ ಕ್ಲಾರಿನೆಟ್ಟೇ ಬಂತು. ಅವಳ ಸಾವಕಾಶದ ಮಟ್ಟು ದಿನಾ ಕೇಳಿ ಬೆಳೆದ ನಮ್ಮ ಒಬ್ಬರಲ್ಲೂ ಉಳಿದಿರಲಿಲ್ಲ. ಈಗಲೂ ಒಬ್ಬಳೇ ಇದ್ದಾಗ ಹುಡುಕುತ್ತೇನೆ. ಮಾತು ಮೂರೂ ಸಾಲು ನೆನಪಿವೆ, ಮಟ್ಟು ಇಲ್ಲ.

ಆಮೇಲೆ ದೊಡ್ಡವ್ವ ಏನನ್ನೂ ಹಾಡಲಿಲ್ಲ. ಬೀಸುವುದನ್ನೂ ಬಿಟ್ಟಳು; ಬೇಳೆ ಅಂಗಡಿಯಿಂದ ಬರತೊಡಗಿತು, ಯಾರೂ ರುಚಿಯ ಮಾತೆತ್ತಲಿಲ್ಲ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವಳಿಗೆ ಹೊಟ್ಟೆಯ ಬೇನೆ ಬಂತು. ನಮ್ಮ ಕಡೆಯವರೆಲ್ಲ ಹೋಗುವ ಹಾಗೆ ಮಿರಜದ ಆಸ್ಪತ್ರೆಗೆ ಒಯ್ದೆವು. ನಾನು ಅಷ್ಟರಲ್ಲಿ ಮದುವೆಯಾಗಿ ಚಿಕ್ಕೋಡಿಯಲ್ಲಿದ್ದೆ, ರಜೆ ಹಾಕಿ ಬಂದು ಅವಳ ಹತ್ತಿರ ಕೂರುತ್ತಿದ್ದೆ. ಕೊನೆಕೊನೆಗೆ ಎಚ್ಚರ ಇದ್ದೂ ಇಲ್ಲದಂತಿತ್ತು. ಒಂದು ಮಧ್ಯಾಹ್ನ ಕಣ್ಣು ಮುಚ್ಚಿಕೊಂಡೇ ಮೆಲ್ಲಗೆ, “ಬಾಳ... ಬಾಳ...” ಎನ್ನತೊಡಗಿದಳು. ಮಟ್ಟಿಲ್ಲ, ರಾಗವಿಲ್ಲ, ಬರಿಯ ಮಾತು. ತೆಲಸಂಗದ ಕಡೆಯ ಒಬ್ಬ ನರ್ಸ್ ಇದ್ದಳು, ಬಹಳ ಕಕ್ಕುಲಾತಿಯ ಹುಡುಗಿ. ಅವಳು ಬಗ್ಗಿ, “ಬಾಳ ಬ್ಯಾನಿ ಆಗಾಕತ್ತೈತೇನ್ರಿ ಅಜ್ಜಿ? ಹೌದ್ರಿ, ಬಾಳ ಐತ್ರಿ, ತಡೀರಿ, ಇಂಜೆಕ್ಷನ್ ಕೊಡತೀನ್ರಿ,” ಎಂದು ತಲೆ ಸವರಿ ಓಡಿದಳು. ನಾನು ಅವಳನ್ನು ತಿದ್ದಲಿಲ್ಲ. ಬೇನೆಯೂ ಇದ್ದೇ ಇತ್ತಲ್ಲ.

ಆ ಕೂಸಿನ ಬಗ್ಗೆ ನಾನು ಮತ್ತೆಂದೂ ಅವಳನ್ನು ಕೇಳಿರಲಿಲ್ಲ. ಹೆಣ್ಣೋ ಗಂಡೋ ಎಂದು ಕೂಡ ಕೇಳಿರಲಿಲ್ಲ. ಬಾಳ ಎಂಬ ಮಾತಿನಲ್ಲಿ ಅದು ತಿಳಿಯುವುದಿಲ್ಲ. ಯಾಕೋ ಗಂಡೇ ಇರಬೇಕು ಎಂದುಕೊಂಡಿದ್ದೆ, ಇಷ್ಟು ದುಃಖಕ್ಕೆ ಗಂಡೇ ಬೇಕು ಎಂಬ ಹಾಗೆ. ಅವಳು ಮತ್ತೆ ಕರೆದಳು. ನನಗೆ ತಡೆಯಲಾಗಲಿಲ್ಲ. ಅವಳ ಕಿವಿಯ ಹತ್ತಿರ ಬಾಯಿ ಒಯ್ದು, “ಓ,” ಎಂದೆ.

ದೊಡ್ಡವ್ವ ಕಣ್ಣು ತೆರೆದಳು. ನನ್ನ ಕಡೆಗೇ ನೋಡಿದಳು, ಆದರೆ ನನ್ನನ್ನು ನೋಡಲಿಲ್ಲ. ನನ್ನ ಜೊತೆ ಎಂದೂ ಮರಾಠಿ ಆಡಿದವಳಲ್ಲ, ಈಗ ಮರಾಠಿಯಲ್ಲಿ ಕೇಳಿದಳು. ಬಂದೆಯಾ ಎಂದು ಅವರಲ್ಲಿ ಗಂಡುಮಗನನ್ನು ಒಂದು ಥರ ಕೇಳುತ್ತಾರೆ, ಹೆಣ್ಣುಮಗಳನ್ನು ಇನ್ನೊಂದು ಥರ.

“ಆಲೀಸ?” ಎಂದಳು.

ಮಗಳನ್ನು ಕೇಳುವ ಹಾಗೆ.

ನಾನು ಅವಳ ಕೈ ಹಿಡಿದುಕೊಂಡು, ಬಂದೆ ಎಂದು ಮಗಳು ಹೇಳುವ ಹಾಗೇ, “ಹೂಂ, ಆಲೆ,” ಎಂದೆ.